ಚಿಕ್ಕಲ್ಲೂರಿನ ಪಂಕ್ತಿ: ನೀಲಗಾರರ ಪರಂಪರೆಯಲ್ಲಿ ಸಹಭೋಜನ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸಮಾಜ ಸುಧಾರಣೆಯ ಚರಿತ್ರೆಯನ್ನು 20ನೆಯ ಶತಮಾನದ ಸಂಘ, ಶಾಲೆ, ವಿದ್ಯಾರ್ಥಿನಿಲಯಗಳಿಂದ ಆರಂಭಿಸುವುದು ವಾಡಿಕೆಯಾದರೂ, ಜಾತಿಯ ಮೇಲುಕೀಳನ್ನು ಅದಕ್ಕೂ ಬಹಳ ಹಿಂದೆಯೇ ಇಲ್ಲಿನ ಊರೂರುಗಳಲ್ಲಿ ಪ್ರಶ್ನೆಗೆ ಒಡ್ಡಿದವರು ತಂಬೂರಿ ಹಿಡಿದ ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಪಂಥದಲ್ಲಿ ದೀಕ್ಷೆ ಪಡೆದು, ಅವರ ಕಥೆಯನ್ನು ರಾತ್ರಿಯಿಡೀ ಹಾಡುವ ಗಾಯಕರಿಗೆ ಈ ಹೆಸರಿದೆ. ಅವರಲ್ಲಿ ದಲಿತರೇ ಹೆಚ್ಚಾದರೂ ದೀಕ್ಷೆಗೆ ಜಾತಿ ಅಡ್ಡಬರುವುದಿಲ್ಲ.

ಒಕ್ಕಲಿನವರು, ಅಂದರೆ ಈ ಪಂಥಕ್ಕೆ ನಡೆದುಕೊಳ್ಳುವ ಮನೆತನದವರು, 'ಧರೆಗೆ ದೊಡ್ಡವರು' ಎಂದು ಕರೆಯುವ ಮಂಟೇಸ್ವಾಮಿಯ ಕಾಲ ಸುಮಾರು 15–16ನೆಯ ಶತಮಾನವೆಂದು ವಿದ್ವಾಂಸರು ಊಹಿಸಿದ್ದರೂ, ನೀಲಗಾರರು ಹಾಡುವ ಕಾವ್ಯವು ಅವರನ್ನು 12ನೆಯ ಶತಮಾನದ ಕಲ್ಯಾಣಕ್ಕೇ ಕರೆದೊಯ್ಯುತ್ತದೆ. ಕೊಳೆತ ಚರ್ಮ ಹೊದ್ದು, ನೊಣ ಮುತ್ತಿದ ಮೈಯಲ್ಲಿ ಬಾಗಿಲಿಗೆ ಬಂದ ಗುರುವನ್ನು ಶರಣರು ಮೂಗು ಮುಚ್ಚಿಕೊಂಡು ದೂರವಿಡುತ್ತಾರೆ. ಬಸವಣ್ಣ ಮಾತ್ರ ಗುರುತಿಸಿ ಪಾದ ಹಿಡಿಯುತ್ತಾನೆ. ಇದನ್ನು ಕಾಲದ ಗೊಂದಲವೆಂದು ತಳ್ಳಿಹಾಕುವುದು ಸಲ್ಲದು. ಸಮಾನತೆಯನ್ನು ಸಾರಿದ ಚಳವಳಿಯೇ ಅಸ್ಪೃಶ್ಯನ ಮೈಯೆದುರು ಹೇಗೆ ನಡೆದುಕೊಂಡೀತೆಂಬ ಪರೀಕ್ಷೆಯನ್ನು ಕೆಳಗಿನ ಜನ ತಾವೇ ಕಟ್ಟಿ ಹಾಡಿದ್ದಾರೆ, ಮತ್ತು ಸುಧಾರಣೆಯ ಇಷ್ಟು ನಿಷ್ಠುರವಾದ ವಿಮರ್ಶೆ ಕನ್ನಡದಲ್ಲಿ ವಿರಳ.

ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಆ ಪರೀಕ್ಷೆ ಊಟದ ರೂಪ ತಾಳಿತು. ಕೊಳ್ಳೇಗಾಲ ಸೀಮೆಯ ಈ ಊರು 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಾದರೂ, ಮೈಸೂರು ಸಂಸ್ಥಾನದ ಒಕ್ಕಲುಗಳಿಗೆ ಅದು ಎಂದೂ ಪರನಾಡೆನಿಸಲಿಲ್ಲ. ಜನವರಿ ಹುಣ್ಣಿಮೆಯಿಂದ ಐದು ದಿನ ನಡೆಯುವ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲವನ್ನು, ಅಂದರೆ ಬಿದಿರು, ಬಟ್ಟೆಗಳಿಂದ ಕಟ್ಟಿದ ಆಕೃತಿಯನ್ನು, ಹೊತ್ತಿಸಲಾಗುತ್ತದೆ. ನಾಲ್ಕನೆಯ ದಿನದ್ದು ಪಂಕ್ತಿಸೇವೆ. ಗದ್ದುಗೆಯ ಸುತ್ತಲಿನ ಬಯಲಲ್ಲಿ ಬಿಡಾರ ಹೂಡಿದ ಒಕ್ಕಲುಗಳು ಕಲ್ಲಿನ ಒಲೆಯ ಮೇಲೆ ಮಾಂಸದಡುಗೆ ಮಾಡಿ, ಕಂಡಾಯಕ್ಕೆ, ಅಂದರೆ ಪಂಥದ ಲೋಹದ ಲಾಂಛನಕ್ಕೆ, ಎಡೆಯಿಟ್ಟ ಮೇಲೆ ನೆಂಟರು, ನೆರೆಯವರು, ಗುರುತಿಲ್ಲದವರೆನ್ನದೆ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ. ಊರಿನಲ್ಲಿ ಕೇರಿಕೇರಿಗೆ ಬೇರೆಯಾಗುವ ಅನ್ನ ಇಲ್ಲಿ ಒಂದಾಗುತ್ತದೆ. ಜಾತ್ರೆ ಮುಗಿದು ಹಿಂದಿರುಗಿದ ಮೇಲೆ ಕೇರಿಗಳು ಮತ್ತೆ ಬೇರೆಯಾದವೆಂಬುದೂ ನಿಜವೇ.

1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಆಡಳಿತವು ಇತ್ತೀಚಿನ ವರ್ಷಗಳಲ್ಲಿ ಈ ಸೇವೆಗೆ ಕಡಿವಾಣ ಹಾಕಹೊರಟಾಗ, ಗದ್ದುಗೆಯ ಮುಂದೆ ಬಲಿ ಕೊಡುವ ಪದ್ಧತಿಯೇ ತಮ್ಮಲ್ಲಿಲ್ಲ, ನಡೆಯುವುದು ಊಟ ಮಾತ್ರವೆಂದು ಒಕ್ಕಲುಗಳು ವಾದಿಸಿದರು. ಆ ವಾದ ನ್ಯಾಯವಾದದ್ದು. ಪಂಕ್ತಿಯಿಂದ ಮಾಂಸವನ್ನು ತೆಗೆಯಬೇಕೆಂದರೆ, ಮಂಟೇಸ್ವಾಮಿ ಚರ್ಮ ಕಳಚಿಟ್ಟು ಕಲ್ಯಾಣದ ಒಳಗೆ ಬರಲಿ ಎಂದಂತೆಯೇ.