ಮೈ ಬದಲಾದ್ರ ಮನುಷ್ಯಾ ಬದಲಾಗ್ತಾನೇನು? (ಭಾಗ 4)

2017ರ ‘ಜುಮಾಂಜಿ’ ಸಿನಿಮಾದಾಗ ವಿಡಿಯೋ ಗೇಮ್ ಒಳಗ ಬಿದ್ದ ಅಂಜುಬುರುಕ ಸ್ಪೆನ್ಸರ್‌ಗೆ ಡ್ವೇನ್ ಜಾನ್ಸನ್ ಮೈ ಸಿಗತೈತಿ. ನಕ್ಕೀವಿ. ಆದ್ರ ಈ ಆಟ ಭಾಳ ಹಳೇದು.

11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಾಗ ಒಬ್ಬಾಕಿ ಗಡಿಬಿಡಿಯೊಳಗ ಇಬ್ಬರ ತಲಿ ಅದಲುಬದಲು ಜೋಡಿಸ್ತಾಳ. ಈಗ ಗಂಡ ಯಾರು? ಬೇತಾಳನ ಪ್ರಶ್ನೆ. ತಲಿ ಯಾರದೋ ಅವನೇ, ಅಂದ ರಾಜ. 1940ರಾಗ ಜರ್ಮನ್ ಲೇಖಕ ಥಾಮಸ್ ಮನ್ ಇದನ್ನ ಮತ್ತ ಬರೆದ.

ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಓದಿದ ಗಿರೀಶ್ ಕಾರ್ನಾಡರು 1971ರ ‘ಹಯವದನ’ ನಾಟಕದಾಗ ರಾಜನ ಉತ್ತರಕ್ಕ ನಿಲ್ಲಲಿಲ್ಲ. ಕವಿ ದೇವದತ್ತನ ತಲಿಗೆ ಪೈಲ್ವಾನ್ ಕಪಿಲನ ಮೈ ಬಂತು. ದಿನಾ ಹೋದಂಗ ಆ ಮೈ ಮೆತ್ತಗಾತು. ತಲಿ ತನ್ನ ಹಳೇ ಚಾಳಿನ ಮೈಗೆ ಕಲಿಸ್ತು.

ಸ್ಪೆನ್ಸರ್‌ಗೂ ಅದೇ: ತೋಳು ಬಂತು, ಅಂಜಿಕಿ ಹೋಗಲಿಲ್ಲ. ಅದನ್ನ ಅವನೇ ಬಿಡಬೇಕಾತು. ಫಿಲ್ಟರ್ ಹಾಕಿ ಮುಖ ಬದಲಿಸೋ ನಮಗೂ ಇದು ಲಾಗೂ.

ನೀವು ರಾಜನ ಕಡೆ, ಕಾರ್ನಾಡರ ಕಡೆ? ಕಮೆಂಟ್ ಹಾಕ್ರಿ.