ಅವರೇಕೆ ಹೊರಗೆ ಹೋಗುತ್ತಾರೆ?

ಎರಡು ವರ್ಷದ ಹಿಂದೆ ನಮ್ಮ ದೊಡ್ಡಮ್ಮನನ್ನು ಐದು ವಾರ ರೇಡಿಯೇಷನ್ನಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಹೊರಗೆ ಬಂದವರೇ ಕೇಳಿದರು: "ಅಲ್ವೋ, ನನ್ನನ್ನ ಮಲಗಿಸಿ, ಅಲ್ಲಾಡಬೇಡಿ ಅಂತ ಹೇಳಿ, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕ್ಕೊಂಡ್ರಲ್ಲ! ಅವರಿಗೆ ಆಗದೇ ಇರೋದು ನನಗೆ ಹೇಗೋ ಆಗತ್ತೆ?"

"ಅದು ರೂಲ್ಸು ದೊಡ್ಡಮ್ಮ" ಅಂದೆ. ಇಂಜಿನಿಯರಿಂಗ್ ಓದಿದವನ ಉತ್ತರ ಇಷ್ಟೇನಾ ಅನ್ನೋ ಹಾಗೆ ನೋಡಿದರು. ಆಮೇಲೆ ದಿನಾ ಹೊರಗೆ ಕಾಯುವ ಹೊತ್ತಿನಲ್ಲಿ ಓದುತ್ತಾ ಹೋದೆ. ಗೊತ್ತಾಗಿದ್ದು ಇಷ್ಟು: ಒಂದು ಕಾಲದಲ್ಲಿ ಅವರು ಹೊರಗೆ ಹೋಗುತ್ತಲೇ ಇರಲಿಲ್ಲ.

ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಅದರಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಪ್ರಯತ್ನ ಶುರುವಾಯಿತು. ಆಗಿನ ಟ್ಯೂಬುಗಳು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡೋಕೆ ನಡೆಸುವವರು ತಮ್ಮ ಕೈಯನ್ನೇ ಅಡ್ಡ ಹಿಡಿದು, ಪರದೆಯ ಮೇಲೆ ಮೂಳೆ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂತ ನೋಡುತ್ತಿದ್ದರು. ದಿನಾ, ಹಲವು ಸಲ. ಮೊದಲು ಚರ್ಮ ಕೆಂಪಾಗುತ್ತಿತ್ತು, ಆಮೇಲೆ ವಾಸಿಯಾಗದ ಹುಣ್ಣು, ಆಮೇಲೆ ಕ್ಯಾನ್ಸರ್. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎರಡೂ ತೋಳು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್-ರೇ ಸಹವಾಸವನ್ನೇ ಬಿಟ್ಟುಬಿಟ್ಟ. ಎಕ್ಸ್-ರೇಯಿಂದ ಕ್ಯಾನ್ಸರಿಗೆ ಚಿಕಿತ್ಸೆ ಕೊಟ್ಟವರಲ್ಲಿ ತಾನೇ ಮೊದಲಿಗ ಅಂತ ಹೇಳಿಕೊಳ್ಳುತ್ತಿದ್ದ ಶಿಕಾಗೋದ ಎಮಿಲ್ ಗ್ರಬ್ಬೆ ಕೂಡ ಹತ್ತಾರು ಆಪರೇಷನ್ ಮಾಡಿಸಿಕೊಂಡು ಎಡಗೈ ಕಳೆದುಕೊಂಡ.

ರೇಡಿಯಂ ಬಂದ ಮೇಲೆ ಕಷ್ಟ ದಾದಿಯರಿಗೂ ಹಬ್ಬಿತು. ರೇಡಿಯಂ ತುಂಬಿದ ಸೂಜಿ, ಕೊಳವೆಗಳನ್ನು ಡಾಕ್ಟರು ಕೈಯಾರೆ ರೋಗಿಯ ಗಡ್ಡೆಯೊಳಗೆ ಇಡಬೇಕಿತ್ತು. ಅವು ದಿನಗಟ್ಟಲೆ ಒಳಗೇ ಇರುತ್ತಿದ್ದವು. ಅಷ್ಟೂ ದಿನ ಆ ರೋಗಿಗೆ ನೀರು ಕೊಡುವುದು, ಮೈ ಒರೆಸುವುದು, ಹಾಸಿಗೆ ಸರಿಮಾಡುವುದು ಎಲ್ಲ ದಾದಿಯರೇ. ಯಾರು ರೋಗಿಯ ಹತ್ತಿರ ಹೆಚ್ಚು ಹೊತ್ತು ಇರುತ್ತಾರೋ ಅವರಿಗೇ ಹೆಚ್ಚು ರೇಡಿಯೇಷನ್. ಪ್ರೀತಿಯಿಂದ ನೋಡಿಕೊಂಡಷ್ಟೂ ಪೆಟ್ಟು!

1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೀಗೆ ಸತ್ತವರಿಗೆ ಒಂದು ಸ್ಮಾರಕ ಕಟ್ಟಿದರು. ಮೊದಲಿಗೇ 150ಕ್ಕಿಂತ ಹೆಚ್ಚು ಹೆಸರುಗಳಿದ್ದವು. 1959ರ ಹೊತ್ತಿಗೆ ಆ ಪಟ್ಟಿ 350 ದಾಟಿತ್ತು.

ಮಿತಿ ಹಾಕುವ ಯೋಚನೆ ಗಟ್ಟಿಯಾಗಿದ್ದು 1925ರಲ್ಲಿ. ಮುಟ್‌ಶೆಲ್ಲರ್ ಅನ್ನುವವರು, ಚರ್ಮ ಕೆಂಪಾಗಲು ಬೇಕಾಗುವ ಪ್ರಮಾಣದ ನೂರನೇ ಒಂದು ಭಾಗವನ್ನು ತಿಂಗಳಿಗೆ ಮಿತಿ ಮಾಡಿ ಅಂದರು. ಅಳೆಯಲು ಎಲ್ಲ ದೇಶಗಳೂ ಒಪ್ಪಿದ ಮಾನ ಆಗಿನ್ನೂ ಇರಲಿಲ್ಲ ನೋಡಿ. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತು. ಅಲ್ಲಿಂದ ಮಿತಿ ಇಳಿಯುತ್ತಲೇ ಬಂದಿದೆ. ನಮ್ಮ ದೇಶದಲ್ಲಿ ಈಗ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ.

ಆದರೆ ದಾದಿಯರನ್ನು ಉಳಿಸಿದ್ದು ಬರೀ ಮಿತಿ ಅಲ್ಲ, ಒಂದು ಸರಳ ಉಪಾಯ. 1960ರ ಸುಮಾರಿಗೆ ಹೆನ್ಷ್ಕೆ ಎಂಬ ವೈದ್ಯರು, ಮೊದಲು ಖಾಲಿ ಕೊಳವೆ ಇಟ್ಟು, ವಿಕಿರಣದ ಮೂಲವನ್ನು ಆಮೇಲೆ ಅದರೊಳಗೆ ಸೇರಿಸುವ ಕ್ರಮ ತಂದರು. ಮುಂದೆ ಸೇರಿಸುವ, ತೆಗೆಯುವ ಕೆಲಸವನ್ನೂ ಯಂತ್ರಕ್ಕೇ ವಹಿಸಲಾಯಿತು. ಬಾಗಿಲು ತೆರೆದರೆ ಮೂಲ ತಾನಾಗಿ ಸೀಸದ ಪೆಟ್ಟಿಗೆಗೆ ವಾಪಸ್ಸು!

ಯಂತ್ರ ಅಂದಮೇಲೆ ಕೈಕೊಡುವುದೂ ಇದ್ದದ್ದೇ. 1992ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇರಿಡಿಯಂ ಮೂಲ ತುಂಡಾಗಿ ರೋಗಿಯ ಮೈಯಲ್ಲೇ ಉಳಿಯಿತು. ಗೋಡೆಯ ಮೇಲಿನ ಅಲಾರ್ಮ್ ಕೆಂಪು ದೀಪ ತೋರಿಸುತ್ತಿತ್ತು. ಅದೇ ಕೆಟ್ಟಿದೆ ಅಂದುಕೊಂಡರು. ಕೈಯಲ್ಲಿ ಹಿಡಿಯುವ ಮೀಟರಿನಿಂದ ಒಮ್ಮೆ ನೋಡಲೂ ಇಲ್ಲ. ಆಕೆ ಸತ್ತರು. 90ಕ್ಕೂ ಹೆಚ್ಚು ಜನ ಗೊತ್ತಿಲ್ಲದೇ ವಿಕಿರಣಕ್ಕೆ ಒಡ್ಡಿಕೊಂಡರು. ನಾವೂ ವಾರ್ನಿಂಗ್ ನೋಡಿ "ಅದು ಯಾವಾಗ್ಲೂ ಬರತ್ತೆ ಬಿಡು" ಅಂತ ಮುಚ್ಚುತ್ತೇವಲ್ಲ, ಹಾಗೇ. ಓದಿದ ದಿನ ನಿದ್ದೆ ಬರಲಿಲ್ಲ.

ಇಷ್ಟು ಓದಿದ ಮೇಲೆ ದೊಡ್ಡಮ್ಮನಿಗೆ ಹೇಳಿದೆ: "ನೀನು ಹೋಗೋದು ಐದು ವಾರ, ಅದೂ ನಿನ್ನ ಕಾಯಿಲೆಗೆ ಗುರಿಯಿಟ್ಟು ಕೊಡೋದು. ಆ ಹುಡುಗಿ ದಿನಕ್ಕೆ ಎಷ್ಟೋ ಜನರನ್ನ ಮಲಗಿಸ್ತಾಳೆ, ಇನ್ನೂ ಇಪ್ಪತ್ತು-ಮೂವತ್ತು ವರ್ಷ. ಪ್ರತಿ ಸಲ ಒಳಗೇ ನಿಂತರೆ ಅವಳ ಗತಿ? ಅವಳಿಗೆ ವಾಸಿಯಾಗೋ ಕಾಯಿಲೆ ಏನೂ ಇಲ್ವಲ್ಲ."

"ಎದೆ ಮೇಲೆ ಹಾಕ್ಕೊಂಡಿರೋದು ಐಡಿ ಕಾರ್ಡಾ?"

ಅಲ್ಲ, ಅದು ಟಿಎಲ್‌ಡಿ ಬ್ಯಾಡ್ಜು. ಒಳಗೆ ಮೂರು ಪುಟ್ಟ ಬಿಲ್ಲೆಗಳಿರುತ್ತವೆ. ಬಿದ್ದ ವಿಕಿರಣದ ಲೆಕ್ಕ ಅವುಗಳಲ್ಲಿ ಕೂತಿರುತ್ತದೆ. ಮೂರು ತಿಂಗಳಿಗೊಮ್ಮೆ ಕಳಿಸಿದರೆ ಅವನ್ನು ಬಿಸಿಮಾಡಿ, ಹೊರಡುವ ಬೆಳಕನ್ನು ಅಳೆದು ಪ್ರಮಾಣ ಹೇಳುತ್ತಾರೆ. ಚರ್ಮ ಮಾಡುತ್ತಿದ್ದ ಕೆಲಸವನ್ನು ಈಗ ಆ ಬಿಲ್ಲೆಗಳು ಮಾಡುತ್ತಿವೆ.

ದೊಡ್ಡಮ್ಮ ಏನೂ ಹೇಳಲಿಲ್ಲ. ಮರುದಿನ ಬಾಗಿಲ ಹತ್ತಿರ ನಿಂತಿದ್ದಾಗ ಒಳಗಿನಿಂದ ಅವರ ದನಿ ಕೇಳಿಸಿತು: "ಸರಿಯಾಗಿ ಮಲಗಿದೀನಿ ಕಣಮ್ಮ, ನೀನು ಬೇಗ ಹೊರಗೆ ಹೋಗು."