ಪಂಕ್ತಿಗೆ ತಡವಾಗಿ ಬಂದವನು

‘ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ’ ಎಂಬುದು ನಮ್ಮಲ್ಲಿ ಮನೆಮಾತು. ಆ ವೀರಭದ್ರನು ದಿವಾಳಿಯೆದ್ದ ದಿನ ಕೊಟ್ಟವರೆಲ್ಲ ಅವನ ಬಾಗಿಲಿಗೆ ಓಡುತ್ತಾರೆ. ಹತ್ತಿರದವನಿಗೆ ಸುದ್ದಿ ಬೇಗ ಮುಟ್ಟುತ್ತದೆ. ದೂರದೂರಿನವನಿಗೆ, ಓದುಬಾರದ ವಿಧವೆಗೆ, ಹಾಸಿಗೆ ಹಿಡಿದವನಿಗೆ ಮುಟ್ಟುವಷ್ಟರಲ್ಲಿ ಹಂಚಿಕೆ ಮೊದಲಾಗಿರುತ್ತದೆ. ಹೀಗೆ ತಡವಾಗಿ ಬಂದವರ ಹಕ್ಕೇನು? ಪ್ರಶ್ನೆ ಸಣ್ಣದು, ಅದರ ಚರಿತ್ರೆ ದೊಡ್ಡದು.

ಸಾಲಗಾರನು ತಾನು ಸಾಲ ಪಡೆದ ಕ್ರಮದಲ್ಲಿಯೇ ತೀರಿಸಬೇಕು, ಆದರೆ ಬ್ರಾಹ್ಮಣನಿಗೆ ಮೊದಲು, ಅನಂತರ ರಾಜನಿಗೆ ಎಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದದ್ದು ಈ ಸ್ಮೃತಿಗೇ. ವರ್ಣದ ಪಕ್ಷಪಾತವನ್ನು ಬದಿಗಿಟ್ಟು ನೋಡಿದರೆ, ಇಲ್ಲಿ ಎಣಿಕೆಗೆ ಬರುವುದು ಸಾಲ ಹುಟ್ಟಿದ ದಿನ, ಕೇಳಲು ಬಂದ ದಿನವಲ್ಲ. ಕೌಟಿಲ್ಯನಾದರೋ ಹತ್ತು ವರ್ಷ ಉಪೇಕ್ಷೆ ಮಾಡಿದ ಸಾಲವನ್ನು ವಸೂಲು ಮಾಡುವಂತಿಲ್ಲ ಎಂದನು. ಆದರೆ ಬಾಲಕರು, ವೃದ್ಧರು, ರೋಗಿಗಳು, ಸಂಕಟಕ್ಕೆ ಸಿಕ್ಕವರು, ಪರದೇಶಕ್ಕೆ ಹೋದವರು, ರಾಜ್ಯಕ್ಷೋಭೆಗೆ ಒಳಗಾದವರು ಇವರನ್ನು ಆ ಕಟ್ಟಿನಿಂದ ಬಿಟ್ಟನು. ತಡವೆಲ್ಲವೂ ಅಲಕ್ಷ್ಯವಲ್ಲವೆಂಬ ವಿವೇಕ ಇದರಲ್ಲಿದೆ.

ಇಂಗ್ಲೆಂಡಿನಲ್ಲಿ 1542ರ ಶಾಸನ ಬೇರೊಂದು ದಾರಿ ಹಿಡಿಯಿತು. ದಿವಾಳಿಯಾದವನ ಆಸ್ತಿಯನ್ನು ಅವರವರ ಸಾಲದ ಪ್ರಮಾಣಕ್ಕೆ ತಕ್ಕಂತೆ ಎಲ್ಲರಿಗೂ ಸಮನಾಗಿ ಹಂಚಬೇಕೆಂದಿತು. ನ್ಯಾಯವಾದ ಮಾತು, ಆದರೆ ಇಲ್ಲಿಯೇ ಹೊಸ ತೊಡಕು ಹುಟ್ಟಿತು. ಸರದಿಯ ಕ್ರಮದಲ್ಲಿ ಹೊಸಬನು ಬಂದರೆ ಮುಂದಿನವರ ಪಾಲಿಗೆ ಭಂಗವಿಲ್ಲ. ಸಮಪಾಲಿನಲ್ಲಿ ಒಬ್ಬನು ಹೆಚ್ಚಿದರೂ ಎಲ್ಲರ ಪಾಲೂ ಕುಗ್ಗುತ್ತದೆ. ಆದುದರಿಂದ ತಲೆಯೆಣಿಕೆ ಬೇಕು. ತಲೆಯೆಣಿಕೆಗೆ ಗಡುವು ಬೇಕು. ತಡವಾದವನನ್ನು ಅಂಜಿಸುವ ಗಡುವಿನ ಬೇರು ಸಮಾನತೆಯಲ್ಲಿಯೇ ಇದೆ.

ಈ ಸಮಪಾಲಿನ ತತ್ತ್ವವೇ ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೂ ಬಂದಿತು. ಮುಫಸ್ಸಲು ಪ್ರದೇಶಗಳಿಗಾಗಿ ಮಾಡಿದ 1920ರ ಪ್ರಾಂತೀಯ ದಿವಾಳಿ ಕಾಯಿದೆ ತೊಡಕಿಗೆ ಒಂದು ನಡುದಾರಿಯನ್ನು ಒಪ್ಪಿತು. ಸಾಲಗಾರನಿಗೆ ಬಿಡುಗಡೆಯ ಆಜ್ಞೆ ಆಗುವ ಮುನ್ನ ಯಾವಾಗಲಾದರೂ ಸಾಲವನ್ನು ರುಜುವಾತು ಮಾಡಿ ಪಟ್ಟಿಯಲ್ಲಿ ಹೆಸರು ಸೇರಿಸುವಂತೆ ಕೋರ್ಟನ್ನು ಕೇಳಬಹುದು ಎನ್ನುತ್ತದೆ 33ನೆಯ ಕಲಮು. ತಡವಾಗಿ ಬಂದವನು ಆಗಲೇ ಹಂಚಿದ್ದನ್ನು ಕದಲಿಸುವಂತಿಲ್ಲ. ಆದರೆ ಕೈಯಲ್ಲಿ ಉಳಿದ ಹಣದಿಂದ ಅವನ ತಪ್ಪಿದ ಪಾಲನ್ನು ಮೊದಲು ತುಂಬಿಕೊಡಬೇಕು ಎನ್ನುತ್ತದೆ 63ನೆಯ ಕಲಮು.

ಒಂದು ಲೆಕ್ಕ ನೋಡೋಣ. ಸಾಲ 4,000 ರೂಪಾಯಿ, ದೊರೆತ ಹಣ 1,800. ಮೊದಲ ಕಂತಿನಲ್ಲಿ ರೂಪಾಯಿಗೆ 20 ಪೈಸೆಯಂತೆ 800 ಹಂಚಿದೆ. ಆಮೇಲೆ 1,000 ರೂಪಾಯಿ ಕೊಟ್ಟಿದ್ದವನೊಬ್ಬ ಬರುತ್ತಾನೆ. ಉಳಿದ 1,000ದಲ್ಲಿ ಅವನಿಗೆ ಮೊದಲು 200. ಮಿಕ್ಕ 800 ಎಲ್ಲರಿಗೂ ರೂಪಾಯಿಗೆ 16 ಪೈಸೆಯಂತೆ. ಕೊನೆಗೆ ಎಲ್ಲರಿಗೂ ಸಿಕ್ಕಿದ್ದು 36 ಪೈಸೆಯೇ. ಪಾತ್ರೆ ಬರಿದಾದ ಮೇಲೆ ಬಂದವನಿಗೆ ಮಾತ್ರ ಏನೂ ಇಲ್ಲ. ನಮ್ಮ ಊಟದ ಪಂಕ್ತಿಯ ನೀತಿಯೂ ಇದೇ ಅಲ್ಲವೆ? ತಡವಾಗಿ ಬಂದವನಿಗೂ ಎಲೆ ಹಾಕುತ್ತೇವೆ; ಪಕ್ಕದವನ ಎಲೆಯಿಂದ ತೆಗೆದು ಬಡಿಸುವುದಿಲ್ಲ.

ಹಾಗಾದರೆ ಬಾಗಿಲನ್ನು ಎಂದೆಂದಿಗೂ ತೆರೆದಿಡಬಾರದೇಕೆ? ಒಳಗೆ ಇನ್ನೊಬ್ಬನಿದ್ದಾನೆ: ಸಾಲಗಾರ. ಎಲ್ಲವನ್ನೂ ಒಪ್ಪಿಸಿದ ಪ್ರಾಮಾಣಿಕನಿಗೆ ಋಣದಿಂದ ಬಿಡುಗಡೆ ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿ 1705ರ ಶಾಸನದಿಂದ ಬಂದಿತು. ಹಳೆಯ ಕೈಗಳು ಎಂದಿಗೂ ಬಾಗಿಲು ತಟ್ಟುತ್ತಿದ್ದರೆ ಅವನು ಮತ್ತೆ ಬಾಳು ಕಟ್ಟುವುದೆಂತು?

2016ರ ದಿವಾಳಿ ಸಂಹಿತೆ ವ್ಯಕ್ತಿಗಳ ಮರುಪಾವತಿ ಪ್ರಕರಣಗಳಲ್ಲಿ ಹಕ್ಕು ಮಂಡಿಸಲು, ಪ್ರಕಟಣೆಯಿಂದ 21 ದಿನಗಳ ಅವಧಿಯಿಟ್ಟಿತು. ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿಯೂ ಒಂದು ದೇಶಭಾಷೆಯ ಪತ್ರಿಕೆಯಲ್ಲಿಯೂ ಬರಬೇಕೆಂದಿತು. ಈ ಭಾಗ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ಮಟ್ಟಿಗೆ. ಬ್ಯಾಂಕಿಗೆ 21 ದಿನ ಸಾಕು. ಕೈಗಡ ಕೊಟ್ಟ ಬಡಪಾಯಿ ಪತ್ರಿಕೆಯ ಮೂಲೆಯ ಸಣ್ಣಕ್ಷರವನ್ನು ಓದಿಯಾನೆ? ಗಡುವು ಇರಲಿ, ಅದರ ಪಕ್ಕದಲ್ಲಿ ಕೌಟಿಲ್ಯನ ಆ ಪಟ್ಟಿಯೂ ಇರಲಿ.